ಡಿಸ್ಲೆಕ್ಸಿಯಾ, ಎಲ್‌ಡಿ, ಕಲಿಕಾ ನ್ಯೂನತೆ, ನಿಧಾನ ಕಲಿಕೆ: ಯಾವ ಹೆಸರು ಎಲ್ಲಿ ನಡೀತದ?

ಸಾಧನಕೇರಿ ಸಂಪನ್ಮೂಲ (ಧಾರವಾಡ)

ಶಾಲೆಯ ಪತ್ರದಲ್ಲಿ ‘ನಿಧಾನ ಕಲಿಕೆಯ ಮಗು’. ಮಕ್ಕಳ ಡಾಕ್ಟರ ಚೀಟಿಯಲ್ಲಿ ‘ಸ್ಕೊಲಾಸ್ಟಿಕ್ ಬ್ಯಾಕ್‌ವರ್ಡ್‌ನೆಸ್’. ಮನಶ್ಶಾಸ್ತ್ರಜ್ಞರ ವರದಿಯಲ್ಲಿ ‘ಸ್ಪೆಸಿಫಿಕ್ ಲರ್ನಿಂಗ್ ಡಿಸಾರ್ಡರ್’, ಪಕ್ಕದಲ್ಲೇ ಎಫ್ 81.0 ಅನ್ನುವ ಸಂಕೇತ. ಕೌನ್ಸೆಲರ್ ಬಾಯಲ್ಲಿ ‘ಎಲ್‌ಡಿ’ (ಲರ್ನಿಂಗ್ ಡಿಸೆಬಿಲಿಟಿ). ನೆಂಟರ ವಾಟ್ಸ್ಯಾಪಿನಲ್ಲಿ ‘ಡಿಸ್ಲೆಕ್ಸಿಯಾ’, ಅಂದರೆ ಓದಿನ ತೊಡಕು. ಫೈಲು ಒಂದೇ, ಮಗುವೂ ಒಂದೇ. ತಾಯಿ ಕೇಳುವುದು ಇಷ್ಟೇ: ‘ಇದು ಒಂದ ಜಡ್ಡೋ, ಐದು ಜಡ್ಡೋ?’

ಬಿಐಇಆರ್‌ಟಿಗಳಿಗೂ (ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು) ತರಗತಿ ಶಿಕ್ಷಕರಿಗೂ ಕೊಡಲು ಒಂದು ಹಾಳೆಯ ಪದಪಟ್ಟಿ ಬೇಕಾಗಿದೆ. ಇಂಗ್ಲಿಷ್ ಪದದ ಮುಂದೆ ಕನ್ನಡ ಪದ ಕೂರಿಸುವುದು ದೊಡ್ಡ ಕೆಲಸವಲ್ಲ. ಯಾವ ಪದ ಯಾವ ಕಾಗದದಲ್ಲಿ ನಡೆಯುತ್ತದೆ, ಎಲ್ಲಿ ಬರೆದರೆ ಅರ್ಜಿ ವಾಪಸ್ ಬರುತ್ತದೆ, ಯಾವುದನ್ನು ಮಗುವಿನ ಎದುರಿಗೆ ಆಡಬಾರದು, ಅದು ಬೇಕು. ಗೊತ್ತಿದ್ದವರು ಬರೀರಿ.

ವಿದ್ಯಾನಗರ ಮನಶ್ಶಾಸ್ತ್ರ (ಹುಬ್ಬಳ್ಳಿ)

ಮೊದಲು ಹೆಸರುಗಳ ವಂಶಾವಳಿ. ಅದು ಗೊತ್ತಿದ್ದರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ.

1877ರಲ್ಲಿ ಜರ್ಮನಿಯ ಕುಸ್‌ಮೌಲ್ ‘ಪದಗುರುಡು’ ಎಂದು ಹೆಸರಿಟ್ಟರು. ಅದೇ ಸ್ಥಿತಿಗೆ ‘ಡಿಸ್ಲೆಕ್ಸಿಯಾ’ ಎಂದು ಕರೆದದ್ದು ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್. 1887ರಲ್ಲಿ ಅವರ ಪುಸ್ತಕ ಬಂತು. ಗಮನಿಸಿ, ಇವರಿಬ್ಬರೂ ಹೇಳುತ್ತಿದ್ದದ್ದು ಮಿದುಳಿಗೆ ಪೆಟ್ಟು ಬಿದ್ದು ಓದು ಕಳೆದುಕೊಂಡ ದೊಡ್ಡವರ ಬಗ್ಗೆ. ಮಕ್ಕಳ ವಿಷಯಕ್ಕೆ ಬಂದದ್ದು 1896ರಲ್ಲಿ. ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು 14 ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ಬರೆದರು. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಚುರುಕು; ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೇ ಇವನೇ ಜಾಣ ಎಂದು ಅವನ ಮಾಸ್ತರರೇ ಹೇಳಿದ್ದರು. ಆದರೆ ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆಯುತ್ತಿದ್ದ.

1925ರಲ್ಲಿ ಅಮೆರಿಕದ ಆರ್ಟನ್ ‘ಸ್ಟ್ರೆಫೊಸಿಂಬೋಲಿಯಾ’ ಎಂದರು, ‘ತಿರುಚಿದ ಚಿಹ್ನೆ’ ಎಂಬ ಅರ್ಥ. ಆ ಹೆಸರು ಉಳಿಯಲಿಲ್ಲ. ಆದರೆ ‘ಅಕ್ಷರ ತಿರುಗಿಸಿ ಬರೆದರೆ ಡಿಸ್ಲೆಕ್ಸಿಯಾ’ ಎಂಬ ನಂಬಿಕೆ ಮಾತ್ರ ಇಂದಿಗೂ ಬಿಟ್ಟಿಲ್ಲ. 1960ರ ದಶಕದಲ್ಲಿ ‘ಮಿನಿಮಲ್ ಬ್ರೇನ್ ಡಿಸ್‌ಫಂಕ್ಷನ್’ ಚಾಲ್ತಿಯಲ್ಲಿತ್ತು. ಹಳೆಯ ಫೈಲುಗಳಲ್ಲಿ ‘ಎಂಬಿಡಿ’ ಕಂಡರೆ ಅದೇ. 1963ರಲ್ಲಿ ಸ್ಯಾಮ್ಯುಯಲ್ ಕರ್ಕ್ ‘ಲರ್ನಿಂಗ್ ಡಿಸೆಬಿಲಿಟಿ’ ಎಂಬ ಛತ್ರಿಯನ್ನು ಬಿಡಿಸಿದರು.

ಈಗಿನ ವೈದ್ಯಕೀಯ ಹೆಸರುಗಳು: ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-10ರಲ್ಲಿ ಎಫ್ 81.0 ಓದು, ಎಫ್ 81.1 ಕಾಗುಣಿತ, ಎಫ್ 81.2 ಲೆಕ್ಕ, ಎಫ್ 81.3 ಮಿಶ್ರ. ಐಸಿಡಿ-11ರಲ್ಲಿ ಎಲ್ಲ ಸೇರಿ 6ಎ03, ಹೆಸರು ‘ಡೆವಲಪ್‌ಮೆಂಟಲ್ ಲರ್ನಿಂಗ್ ಡಿಸಾರ್ಡರ್’. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಿ ‘ಸ್ಪೆಸಿಫಿಕ್ ಲರ್ನಿಂಗ್ ಡಿಸಾರ್ಡರ್’ ಎಂಬ ಒಂದೇ ಹೆಸರು. ತೊಂದರೆ ಓದಿನಲ್ಲೋ, ಬರವಣಿಗೆಯಲ್ಲೋ, ಲೆಕ್ಕದಲ್ಲೋ ಎಂದು ಅದರ ಮುಂದೆ ಬರೆಯಬೇಕು. ಡಿಸ್ಲೆಕ್ಸಿಯಾ, ಡಿಸ್‌ಕ್ಯಾಲ್ಕುಲಿಯಾ (ಲೆಕ್ಕದ ತೊಡಕು) ಎರಡನ್ನೂ ಅಲ್ಲಿ ಪರ್ಯಾಯ ಪದಗಳೆಂದು ಒಪ್ಪಿದ್ದಾರೆ.

ಅಂದರೆ ಆ ತಾಯಿಗೆ ಉತ್ತರ: ಐದು ಹೆಸರಿನಲ್ಲಿ ಮೂರು (ಸ್ಪೆಸಿಫಿಕ್ ಲರ್ನಿಂಗ್ ಡಿಸಾರ್ಡರ್, ಎಲ್‌ಡಿ, ಡಿಸ್ಲೆಕ್ಸಿಯಾ) ಒಂದೇ ಸ್ಥಿತಿಯವು. ‘ನಿಧಾನ ಕಲಿಕೆ’ ಬೇರೆ. ‘ಸ್ಕೊಲಾಸ್ಟಿಕ್ ಬ್ಯಾಕ್‌ವರ್ಡ್‌ನೆಸ್’ ಎಂದರೆ ಮಗು ತರಗತಿಗಿಂತ ಹಿಂದಿದೆ ಎಂದಷ್ಟೇ. ಕಾರಣ ಕಿವಿ ಇರಬಹುದು, ಗೈರುಹಾಜರಿ ಇರಬಹುದು, ಮಾಧ್ಯಮ ಬದಲಾದದ್ದಿರಬಹುದು. ಅದು ರೋಗನಿರ್ಣಯವೇ ಅಲ್ಲ.

ಗದಗ ವಾಕ್‌ಶ್ರವಣ

ಮೇಲಿನದಕ್ಕೆ ಎರಡು ಸೇರ್ಪಡೆ.

ಒಂದು, ‘ಅ’ ಮತ್ತು ‘ಡಿಸ್’. ಅಲೆಕ್ಸಿಯಾ (ಓದು), ಅಗ್ರಾಫಿಯಾ (ಬರಹ), ಅಕ್ಯಾಲ್ಕುಲಿಯಾ (ಲೆಕ್ಕ) ಎಂದು ಇವತ್ತು ವರದಿಯಲ್ಲಿ ಬಂದರೆ ಸಾಮಾನ್ಯವಾಗಿ ಪಾರ್ಶ್ವವಾಯು ಅಥವಾ ತಲೆಗೆ ಪೆಟ್ಟಿನ ನಂತರ ಇದ್ದ ಕೌಶಲ ಹೋದದ್ದು. ‘ಡಿಸ್’ ಎಂದು ಶುರುವಾದರೆ ಕಲಿಯುವಾಗಲೇ ಕಷ್ಟವಾದದ್ದು. ಹೀಗೆ ಎಲ್ಲರೂ ಬಿಗಿಯಾಗಿ ಪಾಲಿಸುವುದಿಲ್ಲ, ಆದರೂ ಫೈಲ್ ಓದುವಾಗ ನೆನಪಿರಲಿ.

ಎರಡು, ‘ಡಿಸ್‌ಪ್ರಾಕ್ಸಿಯಾ’. ಇದು ಎರಡು ತಲೆಯ ಪದ. ಗುಂಡಿ ಹಾಕಲು, ಲೇಸು ಕಟ್ಟಲು, ಚೆಂಡು ಹಿಡಿಯಲು ಒದ್ದಾಡುವ ಮಗುವಿಗೂ ಅದೇ ಹೆಸರು. ವೈದ್ಯರು ಅದನ್ನು ಡಿಸಿಡಿ (ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್) ಎನ್ನುತ್ತಾರೆ, ಐಸಿಡಿ-11ರಲ್ಲಿ 6ಎ04. ಬಾಯಿ ತಿರುಗದೆ ಉಚ್ಚಾರಣೆ ಪ್ರತಿಸಲವೂ ಬೇರೆಯಾಗುವ ಮಗುವಿಗೆ ನಮ್ಮವರು ‘ವರ್ಬಲ್ ಡಿಸ್‌ಪ್ರಾಕ್ಸಿಯಾ’ ಎನ್ನುತ್ತಾರೆ. ಒಬ್ಬರಿಗೆ ಆಕ್ಯುಪೇಶನಲ್ ಥೆರಪಿ ಬೇಕು, ಇನ್ನೊಬ್ಬರಿಗೆ ವಾಕ್ ಚಿಕಿತ್ಸೆ. ಪದ ನೋಡಿ ಕಳಿಸಿದರೆ ತಪ್ಪು ಕೋಣೆಯ ಮುಂದೆ ಸಾಲು ನಿಲ್ಲಬೇಕಾಗುತ್ತದೆ.

ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿರುವ ‘ಡೆವಲಪ್‌ಮೆಂಟಲ್ ಅಫೇಸಿಯಾ’ ಕೂಡ ಹಳೆಯ ಪದ. ಮಾತನ್ನೇ ಅರ್ಥಮಾಡಿಕೊಳ್ಳಲು, ವಾಕ್ಯ ಕಟ್ಟಲು ಕಷ್ಟಪಡುವ ಮಕ್ಕಳಿಗೆ ಅದಾದ ಮೇಲೆ ‘ಎಸ್‌ಎಲ್‌ಐ’ (ಸ್ಪೆಸಿಫಿಕ್ ಲ್ಯಾಂಗ್ವೇಜ್ ಇಂಪೇರ್‌ಮೆಂಟ್) ಬಂತು, 2017ರಿಂದೀಚೆಗೆ ‘ಡಿಎಲ್‌ಡಿ’ (ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್) ಎಂಬುದಕ್ಕೆ ಹೆಚ್ಚಿನ ಒಪ್ಪಿಗೆ ಸಿಕ್ಕಿದೆ. ‘ಡಿಎಲ್‌ಡಿ’ಯನ್ನು ‘ಎಲ್‌ಡಿ’ ಎಂದು ಓದಿಕೊಂಡವರು ಕಡಿಮೆಯಿಲ್ಲ! ಇದರಲ್ಲಿ ತೊಡಕಿರುವುದು ಆಡುವ ಮಾತಿನಲ್ಲಿ, ಅಕ್ಷರ ಆಮೇಲಿನ ಮಾತು.

ಹಾವೇರಿ ಕನ್ನಡ ಮಾಸ್ತರ

ನಮಸ್ಕಾರ್ರೀ. ಹೆಸರಿನ ಪುರಾಣ ಚಲೋ ಆತು. ಆದ್ರ ಮೂರನೇತ್ತಾ ವರ್ಗದಾಗ ನಲವತ್ತು ಹುಡುಗರ ನೋಟಬುಕ್ಕ ಮುಂದ ಇಟಗೊಂಡ ಮಾಸ್ತರಗ ಏನ್ ಹೇಳತೀರಿ? ‘ಮನೆ’ ಅಂತ ಉಕ್ತಲೇಖನ ಕೊಟ್ರ ‘ಮನಿ’ ಬರೀತಾವ, ‘ಶಾಲೆ’ ಅಂದ್ರ ‘ಸಾಲಿ’, ‘ಬೇಸಿಗೆ’ ಅಂದ್ರ ‘ಬ್ಯಾಸಗಿ’, ‘ಗೋಡೆ’ ಅಂದ್ರ ‘ಗ್ವಾಡಿ’. ಎಲ್ಲಾರ್ನೂ ಡಿಸ್ಲೆಕ್ಸಿಯಾ ಅಂತ ಪಟ್ಟಿ ಮಾಡಿ ಕಳಸೂದಾ?

ಗದಗ ವಾಕ್‌ಶ್ರವಣ

ಮಾಸ್ತರ್ರ, ‘ಬ್ಯಾಸಗಿ’ ಬರೆದ ಹುಡುಗನನ್ನು ಮೊದಲು ಶಹಬ್ಬಾಸ್ ಅನ್ನಬೇಕು. ಅವನ ಕಿವಿಗೆ ಬಿದ್ದ ಧ್ವನಿ ‘ಬ್ಯಾ’. ಅದನ್ನು ಬಿಡಿಸಿ, ಬ ಬರೆದು, ದೀರ್ಘ ಕೊಟ್ಟು, ಕೆಳಗೆ ಯ ಒತ್ತು ಇಟ್ಟಿದ್ದಾನೆ. ‘ಬೇ’ ಬರೆಯುವುದಕ್ಕಿಂತ ಅದು ಕಷ್ಟದ ಕೆಲಸ. ಧ್ವನಿಯನ್ನು ಅಕ್ಷರಕ್ಕಿಳಿಸುವ ಯಂತ್ರ ಸರಿಯಾಗಿದೆ, ಗ್ರಂಥಭಾಷೆಯ ರೂಪ ಮಾತ್ರ ಇನ್ನೂ ಬಂದಿಲ್ಲ. ‘ಮನಿ’, ‘ಸಾಲಿ’ಯೂ ಹಾಗೇ. ಅಲ್ಪಪ್ರಾಣ–ಮಹಾಪ್ರಾಣ ಬೆರೆಸುವುದನ್ನೂ, ಶ–ಷ–ಸ ಬೆರೆಸುವುದನ್ನೂ ಮನೆಯ ಮಾತಿನಲ್ಲಿ ಆ ವ್ಯತ್ಯಾಸ ಇಲ್ಲದಿದ್ದರೆ ಲೆಕ್ಕಕ್ಕೆ ಹಿಡಿಯಬೇಡಿ.

ಚಿಂತೆಗೆ ಕಾರಣವಾಗುವ ತಪ್ಪು ಬೇರೆ ಜಾತಿಯವು:

‘ಅಪ್ಪ’ → ‘ಅಪ’. ಒತ್ತು ಮಾಯ. ಒಂದು ಸಲ ಅಲ್ಲ, ಹತ್ತರಲ್ಲಿ ಏಳು ಸಲ.
‘ರಸ್ತೆ’ → ‘ರತ್ಸೆ’. ಒತ್ತಕ್ಷರದ ಒಳಗೆ ಕ್ರಮ ತಿರುವುಮುರುವು.
‘ಕೀಲಿ’ → ‘ಕಿಲಿ’, ಮರುದಿನ ‘ಕೆಲಿ’. ಅದೇ ಪದಕ್ಕೆ ದಿನಕ್ಕೊಂದು ರೂಪ.

ಮನೆಮಾತಿನ ತಪ್ಪು ಯಾವಾಗಲೂ ಒಂದೇ ತರ ಬರುತ್ತದೆ. ‘ಮನಿ’ ಸೋಮವಾರವೂ ‘ಮನಿ’, ಶನಿವಾರವೂ ‘ಮನಿ’. ಡಿಸ್ಲೆಕ್ಸಿಯಾದ ತಪ್ಪು ಅಷ್ಟು ನಿಯತ್ತಿನದಲ್ಲ.

ಸಾಧನಕೇರಿ ಸಂಪನ್ಮೂಲ

ಇದಕ್ಕೆ ನಮ್ಮ ಬಸ್ಸಿನ ಬೋರ್ಡುಗಳೇ ಒಳ್ಳೆಯ ಮೆಟ್ಟಿಲು. ಒಂದೊಂದು ಚೀಟಿಯಲ್ಲಿ ಒಂದೊಂದು ಊರು ಬರೆದು ಓದಿಸಿ.

ಗದಗ: ಬರೀ ಮೂಲಾಕ್ಷರ.
ಹಾವೇರಿ, ಧಾರವಾಡ: ಗುಣಿತ, ದೀರ್ಘ.
ನರಗುಂದ, ಕುಂದಗೋಳ: ಅನುಸ್ವಾರ.
ಹುಬ್ಬಳ್ಳಿ: ಸಜಾತೀಯ ಒತ್ತು ಎರಡು. ಬಾಯಲ್ಲಿ ಹುಬ್–ಬಳ್–ಳಿ, ಬರಹದಲ್ಲಿ ಹು–ಬ್ಬ–ಳ್ಳಿ. ಉಚ್ಚಾರದ ತುಂಡು ಒಂದು ಕಡೆ, ಅಕ್ಷರದ ತುಂಡು ಇನ್ನೊಂದು ಕಡೆ ಮುರಿಯುತ್ತದೆ. ‘ಹುಬಳಿ’ ಎಂದು ಬರುವುದು ಇಲ್ಲೇ.
ಕರ್ಜಗಿ: ಅರ್ಕಾವತ್ತು. ಮೊದಲು ಉಚ್ಚರಿಸಬೇಕಾದ ರ್ ಬರಹದಲ್ಲಿ ಜ ಆದಮೇಲೆ ಕೂತಿದೆ. ‘ಕಜ್ರಗಿ’ ಎಂದು ಓದುವ ಮಗು ಕಣ್ಣಿಗೆ ಕಂಡ ಕ್ರಮದಲ್ಲೇ ಓದುತ್ತಿದೆ.
ಲಕ್ಷ್ಮೇಶ್ವರ: ‘ಕ್ಷ್ಮೇ’ ಒಂದರಲ್ಲೇ ಮೂರು ವ್ಯಂಜನ, ಒಂದು ಸ್ವರ.

ಆದರೆ ಇಲ್ಲೊಂದು ಮೋಸವಿದೆ. ದಿನಾ ನೋಡುವ ಊರಿನ ಹೆಸರನ್ನು ಮಗು ಚಿತ್ರದಂತೆ ಗುರುತಿಸಿಬಿಡುತ್ತದೆ. ಅದಕ್ಕೇ ಪ್ರತಿ ಮೆಟ್ಟಿಲಿಗೂ ಅರ್ಥವಿಲ್ಲದ ಒಂದು ಜೋಡಿ ಬೇಕು: ದಮಗ, ಹೀವಾರೆ, ಹಬ್ಬುಳ್ಳೆ, ಗರ್ಜಕಿ. ‘ಹುಬ್ಬಳ್ಳಿ’ ಪಟ್ಟನೆ ಓದಿ ‘ಹಬ್ಬುಳ್ಳೆ’ಗೆ ತಡವರಿಸಿದರೆ, ಅಥವಾ ಅದನ್ನೂ ‘ಹುಬ್ಬಳ್ಳಿ’ ಅಂದರೆ, ಅಕ್ಷರ ಬಿಡಿಸುವುದರಲ್ಲೇ ತೊಡಕಿದೆ.

ಹಾವೇರಿ ಕನ್ನಡ ಮಾಸ್ತರ

ಇದು ಬೇಕಾಗಿತ್ತು ನೋಡ್ರಿ. ನಾಳೆ ಸಾಲ್ಯಾಗ ನಡೀತದ.

ವಿದ್ಯಾನಗರ ಮನಶ್ಶಾಸ್ತ್ರ

ಮಾಸ್ತರ್ರಿಗೆ ಇನ್ನೊಂದು ಸಾಧನ. 1986ರಲ್ಲಿ ಗಫ್ ಮತ್ತು ಟನ್‌ಮರ್ ಒಂದು ಸರಳ ಗುಣಾಕಾರ ಕೊಟ್ಟರು: ಓದಿ ಅರ್ಥಮಾಡಿಕೊಳ್ಳುವುದು = ಅಕ್ಷರ ಬಿಡಿಸುವುದು × ಕೇಳಿ ಅರ್ಥಮಾಡಿಕೊಳ್ಳುವುದು. ಕೂಡುವುದಲ್ಲ, ಗುಣಿಸುವುದು, ಒಂದು ಸೊನ್ನೆಯಾದರೆ ಎಲ್ಲ ಸೊನ್ನೆ.

ಇದನ್ನು 20 ನಿಮಿಷದಲ್ಲಿ ಪರೀಕ್ಷಿಸಬಹುದು. ಮಗುವಿನ ತರಗತಿಗಿಂತ ಒಂದು ತರಗತಿ ಕೆಳಗಿನ, ಮಗು ಬಾಯಿಪಾಠ ಮಾಡಿರದ ಎರಡು ಗದ್ಯಭಾಗ ಆರಿಸಿ, ತಲಾ 70–80 ಪದ. ಮೊದಲನೆಯದನ್ನು ಮಗು ಜೋರಾಗಿ ಓದಲಿ. ಒಂದು ನಿಮಿಷಕ್ಕೆ ಎಲ್ಲಿಗೆ ಬಂತೆಂದು ಗೀಟು ಹಾಕಿ, ಉಳಿದದ್ದನ್ನೂ ಓದಿ ಮುಗಿಸಲು ಬಿಡಿ. ಬಿಟ್ಟದ್ದು, ಬದಲಾಯಿಸಿದ್ದು, ತಾನೇ ತಿದ್ದಿಕೊಂಡದ್ದು, ಮೊದಲಕ್ಷರ ನೋಡಿ ಊಹಿಸಿದ್ದು, ನಾಲ್ಕಕ್ಕೂ ಬೇರೆ ಬೇರೆ ಗುರುತು. ಆಮೇಲೆ ಐದು ಪ್ರಶ್ನೆ. ಎರಡನೆಯದನ್ನು ನೀವು ಓದಿ ಹೇಳಿ, ಐದು ಪ್ರಶ್ನೆ. ಕೊನೆಗೆ ಮೇಲಿನ ಅರ್ಥವಿಲ್ಲದ ಪದಗಳು, ಹತ್ತು ಪದಗಳ ಉಕ್ತಲೇಖನ.

ಕೇಳಿದಾಗ ಐದಕ್ಕೆ ಐದು, ತಾನೇ ಓದಿದಾಗ ಎರಡು, ಅರ್ಥವಿಲ್ಲದ ಪದದಲ್ಲಿ ಮುಗ್ಗರಿಸಿದರೆ: ಡಿಸ್ಲೆಕ್ಸಿಯಾ ಕಡೆಗೆ ಬೆರಳು ತೋರುತ್ತದೆ. ಓದು ಸರಾಗ, ಅರ್ಥ ಮಾತ್ರ ಇಲ್ಲ, ಕೇಳಿದರೂ ಇಲ್ಲ: ಗದಗದವರು ಹೇಳಿದ ಭಾಷೆಯ ತೊಡಕು, ಅಥವಾ ಮನೆಯಲ್ಲಿ ಕನ್ನಡವೇ ಇಲ್ಲ. ಎರಡರಲ್ಲೂ ಕಡಿಮೆ: ಮೊದಲು ಶ್ರವಣ ಪರೀಕ್ಷೆ, ನಂತರ ಬುದ್ಧಿಮತ್ತೆ.

ಕನ್ನಡದಲ್ಲಿ ಅಕ್ಷರ ಬರೆದಂತೆ ಓದುವುದರಿಂದ ದೊಡ್ಡ ಮಕ್ಕಳಲ್ಲಿ ತಪ್ಪು ಕಡಿಮೆಯಾಗಿ ಕಾಣುತ್ತದೆ, ವೇಗ ಮಾತ್ರ ಏರುವುದಿಲ್ಲ. ಏಳನೇ ತರಗತಿಯ ಹುಡುಗಿ ತಪ್ಪಿಲ್ಲದೆ ಓದುತ್ತಾಳೆ, ಒಂದು ಪುಟಕ್ಕೆ ಹತ್ತು ನಿಮಿಷ. ಅವಳನ್ನು ಯಾರೂ ಪಟ್ಟಿಗೆ ಸೇರಿಸುವುದಿಲ್ಲ.

ನವನಗರ ಕಡತ (ಹುಬ್ಬಳ್ಳಿ)

ಈಗ ಕಾಗದದ ಮಾತು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ 21 ಬಗೆಯ ವಿಕಲತೆಗಳಿವೆ. 1995ರ ಹಳೆಯ ಕಾಯ್ದೆಯ ಏಳರಲ್ಲಿ ಕಲಿಕಾ ನ್ಯೂನತೆ ಇರಲೇ ಇಲ್ಲ. ಕಾಯ್ದೆಯ ಪದ ‘ಸ್ಪೆಸಿಫಿಕ್ ಲರ್ನಿಂಗ್ ಡಿಸೆಬಿಲಿಟೀಸ್’. ಕನ್ನಡದ ಕಾಗದಗಳಲ್ಲಿ ಹೆಚ್ಚಾಗಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂದಿರುತ್ತದೆ. ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ (ಬರವಣಿಗೆಯ ತೊಡಕು), ಡಿಸ್‌ಕ್ಯಾಲ್ಕುಲಿಯಾ, ಡಿಸ್‌ಪ್ರಾಕ್ಸಿಯಾ, ಡೆವಲಪ್‌ಮೆಂಟಲ್ ಅಫೇಸಿಯಾ ಎಲ್ಲವೂ ಅದರ ಹೊಟ್ಟೆಯಲ್ಲೇ. ವೈದ್ಯರ ಪುಸ್ತಕದಲ್ಲಿ ಡಿಸ್‌ಪ್ರಾಕ್ಸಿಯಾ ಬೇರೆ ಕಪಾಟಿನದ್ದಾದರೂ ಕಾಯ್ದೆಗೆ ಅದು ಇದರೊಳಗಿನದೇ.

ವರದಿ ತರುವವರು ನೋಡಿಕೊಳ್ಳಬೇಕಾದದ್ದು: ‘ಸ್ಪೆಸಿಫಿಕ್’ ಎಂಬ ಪದ ಬಿಟ್ಟುಹೋಗಿರಬಾರದು. ಬರೀ ‘ಲರ್ನಿಂಗ್ ಡಿಸೆಬಿಲಿಟಿ’ ಎಂದರೆ ಬ್ರಿಟನ್ನಿನ ರೂಢಿಯಲ್ಲಿ ಬೌದ್ಧಿಕ ವಿಕಲತೆ ಎಂದರ್ಥ. ಅಲ್ಲಿನ ಬರಹ ಓದಿಕೊಂಡು ಹೆದರಿ ಬರುವ ಪೋಷಕರಿದ್ದಾರೆ. ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ, ಯಾವ ತಾರೀಖು, ಮಗು ಯಾವ ತರಗತಿಯ ಮಟ್ಟದಲ್ಲಿದೆ, ಇಷ್ಟೂ ಇರಬೇಕು. ಕಣ್ಣು, ಕಿವಿಯ ವರದಿ ಜೊತೆಗೆ.

ಪ್ರಮಾಣಪತ್ರ ಕೊಡುವ ಬಗ್ಗೆ ಕೇಂದ್ರದ 2018ರ ಜನವರಿಯ ಮಾರ್ಗಸೂಚಿಯಲ್ಲಿ ಕ್ರಮ ಹೀಗಿತ್ತು: ಮೂರನೇ ತರಗತಿ ಅಥವಾ ಎಂಟು ವರ್ಷಕ್ಕೆ ಶಾಲೆಯಲ್ಲಿ ಪ್ರಾಥಮಿಕ ತಪಾಸಣೆ, ಮಕ್ಕಳ ವೈದ್ಯರಿಂದ ಪರೀಕ್ಷೆ, ಐಕ್ಯೂ, ಅದು 85ಕ್ಕಿಂತ ಮೇಲಿದ್ದರೆ ನಿಮ್ಹಾನ್ಸ್ ಬ್ಯಾಟರಿ (ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಕಲಿಕಾ ಪರೀಕ್ಷೆಗಳ ಗುಚ್ಛ). ಪ್ರಮಾಣಪತ್ರ ಎಂಟು ವರ್ಷ ತುಂಬಿದ ಮೇಲೆ, ಮತ್ತೆ 14ಕ್ಕೆ, 18ಕ್ಕೆ, 18ರದ್ದು ಜೀವನಪರ್ಯಂತ. ಮಾರ್ಚ್ 2024ರಲ್ಲಿ ಮಾರ್ಗಸೂಚಿ ಪರಿಷ್ಕರಣೆಯಾಗಿದೆ, ಹಾಗಾಗಿ ಹೋಗುವ ಮುನ್ನ ಚಾಲ್ತಿಯಲ್ಲಿರುವ ಪ್ರತಿಯನ್ನೇ ನೋಡಿ.

ವಿದ್ಯಾನಗರ ಮನಶ್ಶಾಸ್ತ್ರ

ಆ 85ರ ಗೆರೆಯಲ್ಲೇ ‘ನಿಧಾನ ಕಲಿಕೆ’ ಪದದ ಸಂಕಟವೆಲ್ಲ ಇದೆ. ಬೌದ್ಧಿಕ ವಿಕಲತೆ ಎನ್ನಲು ಐಕ್ಯೂ ಸುಮಾರು 70ಕ್ಕಿಂತ ಕೆಳಗಿರಬೇಕು, ದಿನನಿತ್ಯದ ಬದುಕಿನ ಕೌಶಲಗಳೂ ಹಿಂದಿರಬೇಕು. ಎಪ್ಪತ್ತರಿಂದ ಎಂಬತ್ತೈದರ ನಡುವಿನ ಮಗು, ಅಂದರೆ ಸಾಮಾನ್ಯವಾಗಿ ‘ನಿಧಾನ ಕಲಿಕೆ’ ಅನ್ನಿಸಿಕೊಳ್ಳುವ ಮಗು, ಅಲ್ಲಿಗೂ ಸಲ್ಲದು, 2018ರ ಕ್ರಮದಂತೆ ಇಲ್ಲಿಗೂ ಸಲ್ಲದು. ಡಿಎಸ್‌ಎಂ-5 ಮಾತ್ರ ಬೌದ್ಧಿಕ ವಿಕಲತೆ ಇಲ್ಲದಿದ್ದರೆ ಸಾಕು ಎನ್ನುತ್ತದೆ. ಹಾಗಾಗಿ ಐಕ್ಯೂ 78 ಇರುವ ಮಗುವಿಗೆ ರೋಗನಿರ್ಣಯ ಸರಿ, ಪ್ರಮಾಣಪತ್ರ ಇಲ್ಲ ಎಂಬ ವಿಚಿತ್ರ ಹುಟ್ಟುತ್ತದೆ. ಪೋಷಕರು ‘ಡಾಕ್ಟರ್ ಸುಳ್ಳು ಬರೆದರು’ ಅಂದುಕೊಳ್ಳುತ್ತಾರೆ. ಯಾರೂ ಸುಳ್ಳು ಬರೆದಿಲ್ಲ, ಎರಡು ಪುಸ್ತಕದ ಅಳತೆಗೋಲು ಬೇರೆ.

ಇನ್ನೊಂದು: ಡಿಎಸ್‌ಎಂ-5ರ ಪ್ರಕಾರ ಕೊರತೆಗೆ ತಕ್ಕ ಕಲಿಸುವಿಕೆ ಕೊಟ್ಟ ಮೇಲೂ ತೊಂದರೆ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಏನೂ ಕಲಿಸದೆ ಒಂದೇ ಭೇಟಿಯಲ್ಲಿ ಹೆಸರು ಅಂಟಿಸಿದ ವರದಿ ಬಂದರೆ ಆ ಆರು ತಿಂಗಳು ಎಲ್ಲಿ ಎಂದು ಕೇಳಿ.

ಬುದ್ಧಿಮತ್ತೆ ಪರೀಕ್ಷೆಯ ಹೆಸರಾಗಿ ‘ಬಿಕೆಟಿ’ ಕಂಡರೆ ಗಾಬರಿ ಬೇಡ, ಅದು ಬಿನೆ–ಕಾಮತ್. ವಿ. ವಿ. ಕಾಮತರು 1934ರಲ್ಲಿ ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆಂದೇ ಬಿನೆ ಮಾಪಕವನ್ನು ಹೊಂದಿಸಿದ್ದು. ನಮ್ಮ ಭಾಷೆಯ ಮಟ್ಟಿಗೆ ಹಿರಿಯಜ್ಜ. ಆದರೆ ಅಜ್ಜನಿಗೆ ವಯಸ್ಸಾಗಿದೆ. 2018ರ ಮಾರ್ಗಸೂಚಿ ಕೇಳಿದ್ದು ಎಂಐಎಸ್‌ಐಸಿ ಅಥವಾ ಡಬ್ಲ್ಯುಐಎಸ್‌ಸಿ ಎಂಬ ಮಕ್ಕಳ ಬುದ್ಧಿಮತ್ತೆ ಪರೀಕ್ಷೆಗಳನ್ನು.

ಹಾವೇರಿ ಕನ್ನಡ ಮಾಸ್ತರ

ಅಲ್ರೀ, ‘ನ್ಯೂನತೆ’ ಅಂದ್ರ ಕೊರತಿ, ಕುಂದು. ಮಗುವಿನ ಮುಂದ ಆ ಮಾತ ಹ್ಯಾಂಗ ಆಡೂದು? ‘ಕಲಿಕಾ ದೋಷ’ ಅಂತೂ ಇನ್ನೂ ಕೆಟ್ಟದ್ದು, ಜಾತಕದಾಗಿನ ದೋಷ ಇದ್ದಂಗ. ಶಾಂತಿ ಮಾಡ್ಸಾಕ ಹೊಂಟಾರು.

ಸಾಧನಕೇರಿ ಸಂಪನ್ಮೂಲ

ಒಪ್ಪಿದೆ. ‘ದೋಷ’ ಪಟ್ಟಿಯಿಂದ ತೆಗೆದೆ. ‘ಪದಾಂಧತೆ’ ಎಂದು ಯಾರೋ ಅನುವಾದಿಸಿದ್ದನ್ನೂ ತೆಗೆದೆ. ಅದನ್ನು ಕೇಳಿದವರು ಕಣ್ಣಿನ ಆಸ್ಪತ್ರೆಗೆ ಓಡುತ್ತಾರೆ, ಅಲ್ಲಿಂದ ಬಣ್ಣದ ಕನ್ನಡಕಕ್ಕೆ. ಡಿಸ್ಲೆಕ್ಸಿಯಾಕ್ಕೆ ಬಣ್ಣದ ಕನ್ನಡಕವಾಗಲಿ, ಕಣ್ಣಿನ ವ್ಯಾಯಾಮವಾಗಲಿ ಮದ್ದಲ್ಲ.

‘ನ್ಯೂನತೆ’ ಅರ್ಜಿಯಲ್ಲಿ ಇರಲಿ, ಬಿಟ್ಟರೆ ಅರ್ಜಿ ನಡೆಯುವುದಿಲ್ಲ. ಮಾತಿನಲ್ಲಿ ‘ಓದಿನ ತೊಡಕು’, ‘ಬರವಣಿಗೆಯ ತೊಡಕು’, ‘ಲೆಕ್ಕದ ತೊಡಕು’. ತೊಡಕು ದಾರದಲ್ಲಿರುತ್ತದೆ, ಬಿಡಿಸಬಹುದು ಎಂಬ ಭಾವ ಬರುತ್ತದೆ. ‘ಎಲ್‌ಡಿ ಹುಡುಗ’ ಬೇಡ.

ನವನಗರ ಕಡತ

‘ಬರವಣಿಗೆಯ ತೊಡಕು’ ಎಂದಿರಿ, ಅಲ್ಲೇ ಎಚ್ಚರ. ‘ಡಿಸ್‌ಗ್ರಾಫಿಯಾ’ ಎಂಬ ಒಂದೇ ಪದಕ್ಕೆ ಎರಡು ಅರ್ಥ ನಡೆಯುತ್ತಿದೆ. ಶಾಲೆಯಲ್ಲಿ ಕಾಗುಣಿತ, ವಾಕ್ಯ, ಅಕ್ಷರದ ರೂಪದ ತೊಂದರೆ. ಆದರೆ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಶ್ ಕುಮಾರ್ ಪ್ರಕರಣದಲ್ಲಿ ಡಿಸ್‌ಗ್ರಾಫಿಯಾ ಎಂದದ್ದು ‘ರೈಟರ್ಸ್ ಕ್ರ್ಯಾಂಪ್’ ಅನ್ನು, ಬರೆಯುವಾಗ ಕೈ ಸೆಟೆದುಕೊಳ್ಳುವ ನರಸಂಬಂಧಿ ಸ್ಥಿತಿ. ವಿಕಲತೆ ಶೇ. 40ರ ಮಿತಿ ಮುಟ್ಟದಿದ್ದರೂ ಬರೆಯಲು ಸಹಾಯಕರನ್ನು ನಿರಾಕರಿಸುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಅದರ ಬೆನ್ನಿಗೆ ಆಗಸ್ಟ್ 2022ರಲ್ಲಿ ಕೇಂದ್ರದ ಪ್ರತ್ಯೇಕ ಮಾರ್ಗಸೂಚಿ ಬಂತು. ವರದಿಯಲ್ಲಿ ಕೈ ಸೋಲುತ್ತದೋ, ಕಾಗುಣಿತ ಸೋಲುತ್ತದೋ ಎಂದು ಬಿಡಿಸಿ ಬರೆಸಿ.

ಪರೀಕ್ಷೆಯ ಹೆಚ್ಚುವರಿ ಸಮಯದ ಲೆಕ್ಕ, ಪರೀಕ್ಷೆ ಬರೆಯುವ ಬಗ್ಗೆ ಬಂದ ಕೇಂದ್ರದ 2018ರ ಇನ್ನೊಂದು ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಎಂದಿತ್ತು. ಮೂರು ಗಂಟೆಯ ಪರೀಕ್ಷೆಗೆ ಒಂದು ತಾಸು. ಎಸ್ಸೆಸ್ಸೆಲ್ಸಿಗೆ ಮಂಡಳಿಯ ಆ ವರ್ಷದ ಸುತ್ತೋಲೆಯೇ ಆಧಾರ. ಮಾರ್ಚಿನಲ್ಲಿ ಹುಡುಕಬೇಡಿ, ಪರೀಕ್ಷಾ ಅರ್ಜಿ ತುಂಬುವಾಗಲೇ ಕೇಳಿ.

ಗದಗ ವಾಕ್‌ಶ್ರವಣ

ಲೆಕ್ಕದ ತೊಡಕಿಗೂ ಭಾಷೆಯ ಜರಡಿ ಬೇಕು. ‘ಡಿಸ್‌ಕ್ಯಾಲ್ಕುಲಿಯಾ’ವನ್ನು 1974ರಲ್ಲಿ ಕೋಶ್ಚ್ ಎಂಬ ಸಂಶೋಧಕರು ವಿವರಿಸಿದ್ದು ಒಟ್ಟು ಬುದ್ಧಿಶಕ್ತಿ ಸರಿಯಿದ್ದೂ ಗಣಿತದ ಸಾಮರ್ಥ್ಯದಲ್ಲಿ ಇರುವ ತೊಡಕು ಎಂದು. ನಮ್ಮ ಕಡೆ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಇರುವ ಮಕ್ಕಳು ಬಹಳ. ಕನ್ನಡದ ‘ಇಪ್ಪತ್ತೈದು’ ಹತ್ತು ಮೊದಲು, ಬಿಡಿ ಆಮೇಲೆ. ಮರಾಠಿಯ ‘ಪಂಚವೀಸ’ ಬಿಡಿ ಮೊದಲು. ಉರ್ದುವಿನ ‘ಪಚ್ಚೀಸ್’ ಕೂಡ ಹಾಗೆ. ಮನೆಯ ಭಾಷೆಯಲ್ಲಿ ಎಣಿಸಿಕೊಂಡು 52 ಎಂದು ಬರೆದ ಮಗುವಿಗೆ ಪಟ್ಟ ಕಟ್ಟಬೇಡಿ. ‘ನೂರಾ ಐದು’ ಎಂದರೆ 1005 ಬರೆಯುವುದು ಎರಡನೇ ತರಗತಿಯಲ್ಲಿ ಮಾಮೂಲು.

ನೋಡಬೇಕಾದದ್ದು ಇದನ್ನು: ನಾಲ್ಕನೇ ತರಗತಿಯಲ್ಲೂ 8 ಕೂಡಿಸು 1ಕ್ಕೆ ಒಂದರಿಂದ ಬೆರಳು ಎಣಿಸುತ್ತದೆಯೇ? 7 ದೊಡ್ಡದೋ 9 ದೊಡ್ಡದೋ ಎಂದರೆ ಯೋಚಿಸುತ್ತದೆಯೇ? ನಾಲ್ಕು ಕಲ್ಲುಗಳನ್ನು ಎಣಿಸದೆ ನಾಲ್ಕು ಎನ್ನಲಾಗದೇ?

ಹಾವೇರಿ ಕನ್ನಡ ಮಾಸ್ತರ

ಕಡೀಗೆ ಒಂದ. ಪೋಷಕರಿಗೆ ಕಳಸೂ ಚೀಟಿಯೊಳಗ ಏನ್ ಬರೀಬೇಕು? ‘ಡಿಸ್ಲೆಕ್ಸಿಯಾ ಇದ್ದಂಗ ಅನಸ್ತದ’ ಅಂತ ಬರದ್ರ ನಡೀತದ?

ಸಾಧನಕೇರಿ ಸಂಪನ್ಮೂಲ

ಬ್ಯಾಡ್ರಿ ಮಾಸ್ತರ್ರ. ಹೆಸರಿಡುವುದು ಶಾಲೆಯ ಕೆಲಸವಲ್ಲ, ಕಂಡದ್ದನ್ನು ಬರೆಯುವುದು ಶಾಲೆಯ ಕೆಲಸ. ಮಾದರಿ ಇಲ್ಲಿದೆ, ಸಂಖ್ಯೆಗಳನ್ನು ಬದಲಾಯಿಸಿಕೊಳ್ಳಿ:

‘ಮೂರನೇ ತರಗತಿ. ಹಾಜರಿ ಚೆನ್ನಾಗಿದೆ. ಎರಡನೇ ತರಗತಿಯ ಗದ್ಯವನ್ನು ನಿಮಿಷಕ್ಕೆ 14 ಪದದಂತೆ ಓದುತ್ತಾಳೆ. ಒತ್ತಕ್ಷರವಿರುವ 10 ಪದಗಳಲ್ಲಿ 7ರಲ್ಲಿ ಒತ್ತು ಬಿಡುತ್ತಾಳೆ. ಓದಿ ಹೇಳಿದ ಕಥೆಯ ಐದು ಪ್ರಶ್ನೆಗೂ ಸರಿಯುತ್ತರ. ಜೂನ್‌ನಿಂದ ದಿನಕ್ಕೆ 15 ನಿಮಿಷ ಒತ್ತಕ್ಷರದ ಅಭ್ಯಾಸ ಕೊಟ್ಟಿದೆ, ಬದಲಾವಣೆ ಅಲ್ಪ. ಕಣ್ಣು, ಕಿವಿ ತಪಾಸಣೆಯ ನಂತರ ಓದಿನ ತೊಡಕಿನ ಪರೀಕ್ಷೆಗೆ ಕೋರಿದೆ.’

ಇದರ ಜೊತೆ ನೋಟಬುಕ್ಕಿನ ಮೂರು ಪುಟ ಜೆರಾಕ್ಸ್, ತಾರೀಖು ಕಾಣುವ ಹಾಗೆ. ಕೆಂಪು ಶಾಯಿಯಲ್ಲಿ ತಿದ್ದಿದ ಪುಟ ಬೇಡ. ತಿದ್ದುವ ಮೊದಲೇ ಪ್ರತಿ ತೆಗೆಸಿ, ಮಗು ಏನು ಬರೆದಿತ್ತೆಂದು ಡಾಕ್ಟರಿಗೆ ಕಾಣಬೇಕು.